ಶಂಖ ಯಾವ ಕೈಯಲ್ಲಿದೆ?

(ಜೋಡಣೆ, ಆಯ್ಕೆಗಳನ್ನು ಎಣಿಸುವ ಗಣಿತದ ಬಗ್ಗೆ ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಹೈಸ್ಕೂಲು, ಪಿಯುಸಿ ಮಕ್ಕಳು ಮುಂದೆ ಕೂತಿದ್ದರು, ದೊಡ್ಡವರು ಹಿಂದೆ. ಮಾತಿನ ಓಟ ಆದಷ್ಟು ಹಾಗೇ ಇಟ್ಟು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಪಿಯುಸಿ ಮಕ್ಕಳನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳರ ಕಾಲದ ಕೇಶವ ದೇವಾಲಯ, 13ನೇ ಶತಮಾನದ್ದು. ಹೊರಗೋಡೆಯ ಸುತ್ತ ನಡೆಯುತ್ತಾ ಹೋದರೆ ಮೂರ್ತಿಯ ಪಕ್ಕ ಮೂರ್ತಿ. ಅದರಲ್ಲಿ ವಿಷ್ಣುವಿನ ಮೂರ್ತಿಗಳೇ ಬೇಕಾದಷ್ಟಿವೆ. ಒಬ್ಬಳು ಹುಡುಗಿ ನಿಂತು ಕೇಳಿದಳು: "ಸರ್, ಒಂದನ್ನ ಕೇಶವ ಅಂತಾರೆ, ಇನ್ನೊಂದನ್ನ ಮಾಧವ ಅಂತಾರೆ. ಎರಡಕ್ಕೂ ನಾಲ್ಕೇ ಕೈ. ಕೈಯಲ್ಲಿ ಅದೇ ಶಂಖ, ಅದೇ ಚಕ್ರ, ಅದೇ ಗದೆ, ಅದೇ ಪದ್ಮ. ಹೆಸರು ಯಾಕೆ ಬೇರೆ?"

"ಶಂಖ ಯಾವ ಕೈಯಲ್ಲಿದೆ ನೋಡು" ಅಂದೆ. ಅವಳು ಎರಡು ಮೂರ್ತಿಗಳ ನಡುವೆ ನಾಲ್ಕೈದು ಸಲ ಓಡಾಡಿದಳು. ಆಮೇಲೆ ಅವಳ ಮುಖದಲ್ಲಿ ಬಂದ ಬೆಳಕು ನನಗೆ ಇನ್ನೂ ನೆನಪಿದೆ. ಶಂಖ ಕೈ ಬದಲಾಯಿಸಿದರೆ ಮೂರ್ತಿಯ ಹೆಸರೇ ಬದಲಾಗುತ್ತದೆ.

ಮನೆಯಲ್ಲಿ ಹಿರಿಯರು ಪೂಜೆಗೆ ಕೂತಾಗ ಕೇಶವಾಯ ನಮಃ, ನಾರಾಯಣಾಯ ನಮಃ, ಮಾಧವಾಯ ನಮಃ ಅಂತ ಶುರು ಮಾಡುವುದನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಕೃಷ್ಣನವರೆಗೆ ಒಟ್ಟು 24 ಹೆಸರು. 24ಕ್ಕೇ ಯಾಕೆ ನಿಲ್ಲುತ್ತದೆ? 30 ಯಾಕಿಲ್ಲ?

ಎಣಿಸೋಣ. ಕೆಳಗಿನ ಬಲಗೈಯಿಂದ ಶುರು ಮಾಡಿ. ಅಲ್ಲಿಗೆ ನಾಲ್ಕರಲ್ಲಿ ಯಾವುದನ್ನಾದರೂ ಕೊಡಬಹುದು. ಒಂದು ಕೊಟ್ಟಾಯಿತು, ಮೂರು ಉಳಿಯಿತು. ಮೇಲಿನ ಬಲಗೈಗೆ ಆ ಮೂರರಲ್ಲಿ ಒಂದು. ಮೇಲಿನ ಎಡಗೈಗೆ ಉಳಿದ ಎರಡರಲ್ಲಿ ಒಂದು. ಕೊನೆಯ ಕೈಗೆ ಮಿಕ್ಕಿದ್ದು. ನಾಲ್ಕು ಮೂರಲ ಹನ್ನೆರಡು, ಹನ್ನೆರಡು ಎರಡಲ ಇಪ್ಪತ್ನಾಲ್ಕು. ಶಿಲ್ಪಿ ಎಷ್ಟೇ ಜಾಣನಾದರೂ ಇಪ್ಪತ್ತೈದನೆಯ ಮೂರ್ತಿಯನ್ನು ಇದೇ ಲೆಕ್ಕದಲ್ಲಿ ಕೆತ್ತಲಾರ.

ಇದು ನಾನು ಕಟ್ಟಿದ ಲೆಕ್ಕವಲ್ಲ. 1150ರಲ್ಲಿ ಭಾಸ್ಕರಾಚಾರ್ಯರು ಬರೆದ ಲೀಲಾವತಿಯಲ್ಲಿ ಇದೇ ಪ್ರಶ್ನೆ ಇದೆ. ಗದೆ, ಚಕ್ರ, ಪದ್ಮ, ಶಂಖ ಹಿಡಿದ ಹರಿಗೆ ಎಷ್ಟು ರೂಪಭೇದ? 24. ಅದರ ಜೊತೆಯಲ್ಲೇ ಇನ್ನೊಂದು ಕೇಳುತ್ತಾರೆ. ಶಿವನ ಹತ್ತು ಕೈಯಲ್ಲಿ ಹಗ್ಗ, ಅಂಕುಶ, ಹಾವು, ಡಮರು, ಕಪಾಲ, ತ್ರಿಶೂಲ ಹೀಗೆ ಹತ್ತು ವಸ್ತು. ಅವನ್ನು ಕೈಯಿಂದ ಕೈಗೆ ಬದಲಾಯಿಸಿದರೆ ಎಷ್ಟು ರೂಪ? ಹತ್ತು ಒಂಬತ್ತಲ, ಅದನ್ನು ಎಂಟರಿಂದ, ಏಳರಿಂದ, ಹೀಗೆ ಒಂದರ ತನಕ ಗುಣಿಸಬೇಕು. ಬರುವುದು 36,28,800.

ನಾಲ್ಕು ಕೈಗೆ 24, ಹತ್ತು ಕೈಗೆ 36 ಲಕ್ಷ. ಈ ನೆಗೆತ ಎಷ್ಟು ದೊಡ್ಡದು ಅಂತ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳಲು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಸೆಕೆಂಡಿಗೆ ಒಂದು ರೂಪದ ಹಾಗೆ ಬರೆಯುತ್ತಾ ಹೋಗಿ. ಊಟ ಇಲ್ಲ, ನಿದ್ದೆ ಇಲ್ಲ. ಸರಿಯಾಗಿ 42 ದಿನ ಬೇಕು. ಬೇಕಾದರೆ ಮನೆಗೆ ಹೋಗಿ 36,28,800ನ್ನು 86,400ರಿಂದ ಭಾಗಿಸಿ ನೋಡಿ, ಶೇಷವೇ ಉಳಿಯುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಇದಕ್ಕೆ ಕ್ರಮಯೋಜನೆ ಮತ್ತು ವಿಕಲ್ಪ ಅಂತ ಹೆಸರು. ಪಿಯುಸಿಗೆ ಬಂದರೆ ಪರ್ಮುಟೇಶನ್, ಕಾಂಬಿನೇಶನ್. ಮೊದಲನೆಯದರಲ್ಲಿ ಕ್ರಮ ಮುಖ್ಯ, ಎರಡನೆಯದರಲ್ಲಿ ಆಯ್ಕೆ ಮಾತ್ರ. ಅವುಗಳ ಸೂತ್ರಗಳೇ ಎನ್‌ಪಿಆರ್, ಎನ್‌ಸಿಆರ್. ಈ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಸರ್, ಇದಕ್ಕೆ ಎನ್‌ಪಿಆರ್ ಹಾಕಬೇಕಾ, ಎನ್‌ಸಿಆರ್ ಹಾಕಬೇಕಾ?" ಆ ಪ್ರಶ್ನೆ ಕೇಳಿದರೆ ನನಗೆ ಬೇಜಾರಾಗುತ್ತದೆ. ತಪ್ಪು ಮಕ್ಕಳದ್ದಲ್ಲ. ಮೊದಲು ಸೂತ್ರ ಕೊಟ್ಟು ಆಮೇಲೆ ಲೆಕ್ಕ ಕೊಟ್ಟರೆ ಅವರು ಇನ್ನೇನು ಕೇಳಬೇಕು? ನನಗೂ ಹಾಗೇ ಕಲಿಸಿದ್ದರು. ಪರೀಕ್ಷೆಯಲ್ಲಿ ಅಂದಾಜಿನ ಮೇಲೆ ಒಂದನ್ನು ಹಾಕಿ ಬಂದಿದ್ದೆ.

ಕೇಳಬೇಕಾದ ಪ್ರಶ್ನೆ ಸೋಮನಾಥಪುರದ ಆ ಗೋಡೆಯ ಮೇಲೆಯೇ ಇದೆ. ಎರಡನ್ನು ಅದಲುಬದಲು ಮಾಡಿ ನೋಡಿ. ಹೊಸದೊಂದು ಹುಟ್ಟಿತಾ, ಅಥವಾ ಮೊದಲಿದ್ದದ್ದೇ ಉಳಿಯಿತಾ?

ಕ್ರಿಕೆಟ್ ತಂಡ ತಗೊಳ್ಳಿ. ಹನ್ನೊಂದು ಜನರಲ್ಲಿ ಒಬ್ಬ ನಾಯಕ, ಒಬ್ಬ ಉಪನಾಯಕ ಬೇಕು. ಇಬ್ಬರನ್ನು ಅದಲುಬದಲು ಮಾಡಿದರೆ ಬೇರೆ ವ್ಯವಸ್ಥೆ. ಹನ್ನೊಂದು ಹತ್ತಲ, 110 ಬಗೆ. ಅದೇ ಹನ್ನೊಂದು ಜನರಲ್ಲಿ ಇಬ್ಬರನ್ನು ಬಹುಮಾನ ಸಮಾರಂಭಕ್ಕೆ ಕಳಿಸಬೇಕು ಅಂದುಕೊಳ್ಳಿ. ನೀನೂ ಅವನೂ ಹೋಗಿ ಅಂದರೂ ಒಂದೇ, ಅವನೂ ನೀನೂ ಹೋಗಿ ಅಂದರೂ ಒಂದೇ. ಆಗ 55. ಜನ ಅವರೇ, ಸಂಖ್ಯೆ ಅವೇ. ಕೆಲಸ ಬದಲಾದ್ದರಿಂದ ಉತ್ತರ ಅರ್ಧವಾಯಿತು.

ಹೆಸರು ನಂಬಿ ಮೋಸ ಹೋಗಬೇಡಿ. ಸೂಟ್‌ಕೇಸಿನ ಮೂರು ಅಂಕಿಯ ಬೀಗಕ್ಕೆ ಕಾಂಬಿನೇಶನ್ ಲಾಕ್ ಅಂತಾರೆ. ಆದರೆ 275ಕ್ಕೆ ತೆರೆಯುವ ಬೀಗ 572ಕ್ಕೆ ತೆರೆಯುತ್ತಾ? ಇಲ್ಲ. ಅಲ್ಲಿ ಕ್ರಮ ಮುಖ್ಯ. ಒಂದೊಂದು ಸ್ಥಾನಕ್ಕೂ ಹತ್ತು ಅಂಕಿ, ಒಟ್ಟು 1,000.

ಸರಿ, 110 ಯಾಕೆ 55 ಆಯಿತು? ಇಲ್ಲಿ ಸ್ವಲ್ಪ ನಿಧಾನ ಮಾಡೋಣ. ಈ ಭಾಗಾಕಾರ ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

(ಇಲ್ಲಿ ಮುಂದಿನ ಸಾಲಿನಿಂದ ಆರು ಮಕ್ಕಳನ್ನು ವೇದಿಕೆಗೆ ಕರೆದೆ.)

ಈ ಆರು ಜನರಲ್ಲಿ ಮೂವರು ನಾಡಗೀತೆ ಹಾಡಬೇಕು. ಯಾರು ಯಾರ ಪಕ್ಕ ನಿಂತರೂ ಪರವಾಗಿಲ್ಲ, ಹಾಡುವ ಮೂವರು ಯಾರು ಅನ್ನುವುದಷ್ಟೇ ಬೇಕು. ನಾನು ಏನೂ ಯೋಚನೆ ಮಾಡದೆ ಎಣಿಸುತ್ತೇನೆ. ಮೊದಲನೆಯ ಜಾಗಕ್ಕೆ ಆರು ಜನ, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ನಾಲ್ಕು. 120. ಈಗ ನೀವು ಮೂವರು ಇಲ್ಲಿ ಬನ್ನಿ. ಹೀಗೆ ನಿಂತುಕೊಳ್ಳಿ. ಒಂದು. ನಡುವಿನವನು ಕೊನೆಗೆ ಹೋಗು. ಎರಡು. ಮೊದಲನೆಯವಳು ಜಾಗ ಬದಲಾಯಿಸು. ಮೂರು. ಹೀಗೆ ಆರು ಸಲ ನಿಲ್ಲಿಸಿ ಆಯಿತು. ಸಭೆಯಲ್ಲಿ ಕೂತವರೇ ಹೇಳಿ, ಹಾಡುವವರು ಬದಲಾದರಾ? ಇಲ್ಲ ಅಲ್ವಾ. ಇದೇ ಮೂವರನ್ನು ನನ್ನ 120 ಆರು ಸಲ ಎಣಿಸಿಬಿಟ್ಟಿದೆ. ಇನ್ನು ಯಾವ ಮೂವರನ್ನು ಕರೆದರೂ ಆರಾರು ಸಲವೇ ಎಣಿಸಿರುತ್ತದೆ. ಆದ್ದರಿಂದ 120ನ್ನು 6ರಿಂದ ಭಾಗಿಸಬೇಕು. 20.

ಭಾಗಿಸುವುದು ಅಂದರೆ ಇಷ್ಟೇ. ಒಂದನ್ನೇ ಮತ್ತೆ ಮತ್ತೆ ಎಣಿಸಿದ್ದನ್ನು ಒರೆಸಿ ಹಾಕುವುದು. ನಾಯಕ-ಉಪನಾಯಕರ 110ರಲ್ಲಿ ಪ್ರತಿ ಜೋಡಿಯೂ ಎರಡು ಸಲ ಇತ್ತು. ಎರಡರಿಂದ ಭಾಗಿಸಿದೆವು.

ಇದನ್ನು ನಮ್ಮ ನೆಲದಲ್ಲೇ ಒಬ್ಬರು 9ನೇ ಶತಮಾನದಲ್ಲಿ ಎಷ್ಟು ಚೆನ್ನಾಗಿ ಹೇಳಿದ್ದಾರೆ ಗೊತ್ತಾ? ಮಹಾವೀರಾಚಾರ್ಯರು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು, ಜೈನರು. ಆಗಿನ ರಾಜಧಾನಿ ಮಾನ್ಯಖೇಟ, ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರ ಗಣಿತಸಾರಸಂಗ್ರಹ ಸಂಸ್ಕೃತದಲ್ಲಿದೆ, ಶುರುವಿನಲ್ಲೇ ಅಮೋಘವರ್ಷನ ಹೊಗಳಿಕೆ ಬರುತ್ತದೆ. ಎಷ್ಟು ವಸ್ತುಗಳಿದ್ದರೂ, ಎಷ್ಟನ್ನು ಆರಿಸಿದರೂ ನಡೆಯುವಂಥ ಆಯ್ಕೆಯ ನಿಯಮವನ್ನು ಅವರು ಅದರಲ್ಲಿ ಕೊಟ್ಟಿದ್ದಾರೆ. ನೃಪತುಂಗ ಅಂದ ಕೂಡಲೇ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಅದೇ ಕಾಲದ ಈ ಗಣಿತದ ಕೆಲಸವೂ ಅಷ್ಟೇ ಹೆಮ್ಮೆಯಿಂದ ನೆನಪಾಗಬೇಕು ಅಂತ ನನ್ನ ಆಸೆ.

ಅವರು ತೆಗೆದುಕೊಂಡ ಉದಾಹರಣೆಗಳಲ್ಲಿ ಒಂದು ಆರು ರುಚಿಗಳದ್ದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇವನ್ನು ಬೆರೆಸಿದರೆ ಎಷ್ಟು ಬಗೆ? ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಗೊಜ್ಜು ಮಾಡುವಾಗ ಹುಣಸೆಹುಳಿ ಮೊದಲು ಹಾಕಿದರಾ, ಬೆಲ್ಲ ಮೊದಲು ಹಾಕಿದರಾ ಅನ್ನುವುದು ಅಡಿಗೆ ಮಾಡುವವರಿಗೆ ಮುಖ್ಯ ಇರಬಹುದು. ಆದರೆ ಹುಳಿ-ಸಿಹಿ ಗೊಜ್ಜು ಬೇರೆ, ಸಿಹಿ-ಹುಳಿ ಗೊಜ್ಜು ಬೇರೆ ಅಂತ ಯಾರೂ ಹೇಳುವುದಿಲ್ಲ. ಎರಡೂ ಒಂದೇ ಬಗೆ. ಹಾಗಲಕಾಯಿ ಹಾಕಿದಿರೋ, ಕಹಿಯೂ ಸೇರಿತು, ಅದು ಬೇರೆ ಬಗೆ.

ಅವರ ನಿಯಮವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಮೇಲೊಂದು ಸಾಲು, ಕೆಳಗೊಂದು ಸಾಲು. ಕೆಳಗಿನದು ನೇರ, ಮೇಲಿನದು ತಿರುಗಾಮುರುಗಾ.

6  5  4  3  2  1
1  2  3  4  5  6

ಒಂದೇ ರುಚಿ ಬೇಕಾ? ಮೊದಲ ಕಂಬ ಮಾತ್ರ ನೋಡಿ. ಆರನ್ನು ಒಂದರಿಂದ ಭಾಗಿಸಿದರೆ 6. ಎರಡು ರುಚಿ ಬೇಕಾ? ಎರಡು ಕಂಬ. ಮೇಲೆ ಗುಣಿಸಿದರೆ 30, ಕೆಳಗೆ ಗುಣಿಸಿದರೆ 2. 15. ಮೂರು ರುಚಿಗೆ ಮೂರು ಕಂಬ. 120ನ್ನು 6ರಿಂದ ಭಾಗಿಸಿದರೆ 20. ಈಗ ತಾನೇ ವೇದಿಕೆಯ ಮೇಲೆ ನಿಂತಿದ್ದ ಮಕ್ಕಳು ಇವರೇ. ಮೇಲಿನ ಸಾಲು ಯೋಚನೆ ಮಾಡದೆ ಎಣಿಸುತ್ತದೆ, ಕೆಳಗಿನ ಸಾಲು ಜಾಸ್ತಿ ಎಣಿಸಿದ್ದನ್ನು ಒರೆಸುತ್ತದೆ. ಮುಂದಕ್ಕೆ ಹೋದರೆ ನಾಲ್ಕಕ್ಕೆ 15, ಐದಕ್ಕೆ 6, ಆರೂ ಸೇರಿದ್ದು 1. ಎಲ್ಲ ಕೂಡಿಸಿದರೆ 63.

ಹೋಗುತ್ತಾ ಏರಿ, ಬರುತ್ತಾ ಇಳಿಯಿತು ನೋಡಿ. 6, 15, 20, 15, 6. ಎರಡು ರುಚಿ ಆರಿಸುವುದಕ್ಕೂ ನಾಲ್ಕು ರುಚಿ ಆರಿಸುವುದಕ್ಕೂ ಒಂದೇ ಸಂಖ್ಯೆ ಯಾಕೆ? ನಾಲ್ಕನ್ನು ತಟ್ಟೆಗೆ ಹಾಕಿಕೊಂಡರೆ ಎರಡನ್ನು ಡಬ್ಬಿಯಲ್ಲೇ ಬಿಟ್ಟಿರುತ್ತೀರಿ. ತಗೊಳ್ಳುವುದನ್ನು ಎಣಿಸಿದರೂ ಒಂದೇ, ಬಿಡುವುದನ್ನು ಎಣಿಸಿದರೂ ಒಂದೇ. 15 ಜನರ ತಂಡದಿಂದ ಹನ್ನೊಂದು ಜನರನ್ನು ಆರಿಸುವ ಲೆಕ್ಕ ಬಂದರೆ ಹನ್ನೊಂದು ಕಂಬ ಗುಣಿಸುತ್ತಾ ಕೂರಬೇಡಿ. ಹೊರಗೆ ಕೂರುವ ನಾಲ್ವರನ್ನು ಆರಿಸಿ. 1,365 ಬರುತ್ತದೆ. ಆ ಹನ್ನೊಂದು ಜನ ಯಾವ ಕ್ರಮದಲ್ಲಿ ಬ್ಯಾಟ್ ಮಾಡಬೇಕು ಅಂತ ಕೇಳಿದರೆ ಮಾತ್ರ ಕಥೆ ಬೇರೆ. ಅದು 3,99,16,800.

ಈಗ ಚೌಕಾಬಾರ. ಆಡಿದವರು ಕೈ ಎತ್ತಿ. ಸಂತೋಷ, ಹಿಂದಿನ ಸಾಲಿನಲ್ಲಿ ಎಲ್ಲರೂ ಎತ್ತಿದ್ದಾರೆ. ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವು. ಎಷ್ಟು ಅಂಗಾತ ಬಿದ್ದವೋ ಅಷ್ಟು ಮನೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಮನೆ. ಬಾರ ಬಿದ್ದರೆ ಅಂಗಳವೆಲ್ಲ ಕೂಗಾಟ. ಆದರೆ ಬೀಳುತ್ತಿದ್ದದ್ದು ಮಾತ್ರ ಎರಡು, ಎರಡು, ಮತ್ತೆ ಎರಡು. ಯಾಕೆ?

ಕವಡೆಗಳಿಗೆ ಒಂದು, ಎರಡು, ಮೂರು, ನಾಲ್ಕು ಅಂತ ಗುರುತು ಹಾಕಿ. ಪ್ರತಿಯೊಂದೂ ಎರಡು ಥರ ಬೀಳಬಹುದು. ಒಟ್ಟು 16 ಬಗೆ. ಅದರಲ್ಲಿ ಎರಡು ಅಂಗಾತ ಬೀಳಬೇಕಾದರೆ, ಅಂಗಾತ ಬೀಳುವ ಎರಡು ಕವಡೆ ಯಾವುವು ಅಂತ ಆರಿಸಬೇಕು. ನಾಲ್ಕರಲ್ಲಿ ಎರಡು, ಆರು ಬಗೆ. ಮೂರಕ್ಕೆ ನಾಲ್ಕು ಬಗೆ, ಒಂದಕ್ಕೆ ನಾಲ್ಕು ಬಗೆ. ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. 1, 4, 6, 4, 1. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕವಡೆಯ ಎರಡು ಬದಿ ಒಂದೇ ಆಕಾರದ್ದಲ್ಲ, ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮಸಮ ಅಂತ ಹೇಳಲಾಗದು. ಬಗೆಗಳ ಲೆಕ್ಕ ಬೇರೆ, ಅವು ಎಷ್ಟು ಸಲ ಬೀಳುತ್ತವೆ ಅನ್ನುವ ಲೆಕ್ಕ ಬೇರೆ. ಹಾಗಿದ್ದರೂ ಆರು ದಾರಿ ಇರುವ ಮನೆಗೆ ಜಾಸ್ತಿ ಜನ ಬರುತ್ತಾರೆ ಅನ್ನುವುದು ನಾವು ಆಡಿ ಕಂಡದ್ದಕ್ಕೆ ಹೊಂದುತ್ತದೆ.

ಇದೇ ಸಂಖ್ಯೆಗಳನ್ನು ನೀವು ಕನ್ನಡ ಕ್ಲಾಸಿನಲ್ಲಿ ಕಂಡಿದ್ದೀರಿ. ಯಮಾತಾರಾಜಭಾನಸಲಗಂ. ಮೂರು ಅಕ್ಷರದ ಗಣಗಳು ಎಂಟೇ ಯಾಕೆ? ಪ್ರತಿ ಅಕ್ಷರವೂ ಲಘು ಇಲ್ಲವೇ ಗುರು. ಎರಡು ಎರಡಲ ನಾಲ್ಕು, ನಾಲ್ಕು ಎರಡಲ ಎಂಟು. ಗುರುವೇ ಇಲ್ಲದ್ದು ನಗಣ ಒಂದು. ಒಂದೇ ಗುರು ಇರುವವು ಭಗಣ, ಜಗಣ, ಸಗಣ. ಆ ಗುರು ಮೊದಲು, ನಡುವೆ, ಕೊನೆಗೆ, ಎಲ್ಲಿ ಕೂರಬೇಕು ಅಂತ ಆರಿಸುವುದಷ್ಟೇ. ಎರಡು ಗುರು ಇರುವವು ಯ, ರ, ತ. ಮೂರೂ ಗುರು ಮಗಣ. 1, 3, 3, 1. ಪಿಂಗಳನ ಛಂದಶ್ಶಾಸ್ತ್ರಕ್ಕೆ 10ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧ ಈ ಸಂಖ್ಯೆಗಳನ್ನು ಬೆಟ್ಟದ ಆಕಾರದಲ್ಲಿ ಜೋಡಿಸಿ ವಿವರಿಸಿದ್ದಾನೆ. ಅದಕ್ಕೆ ಮೇರುಪ್ರಸ್ತಾರ ಅಂತ ಹೆಸರು. ಪಠ್ಯದಲ್ಲಿ ಪಾಸ್ಕಲ್ ತ್ರಿಕೋನ ಅಂತ ಓದುತ್ತೀರಲ್ಲ, ಅದೇ. ಪದ್ಯ ಕಟ್ಟುವವರಿಗೂ ಕವಡೆ ಆಡುವವರಿಗೂ ಬೇಕಾದದ್ದು ಒಂದೇ ಲೆಕ್ಕ.

ಇನ್ನು ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ತಪ್ಪಿನ ಬಗ್ಗೆ. ಚೆನ್ನಾಗಿ ಓದುವ ಮಕ್ಕಳೇ ಇದನ್ನು ಮಾಡುತ್ತಾರೆ. ಬೀದಿಯಲ್ಲಿ ರಾಜ್ಯೋತ್ಸವಕ್ಕೆ ಮೂವರ ಸಮಿತಿ ಮಾಡಬೇಕು. ಮುಂದೆ ಬಂದವರು ಒಂಬತ್ತು ಜನ, ನಾಲ್ವರು ಹೆಂಗಸರು, ಐವರು ಗಂಡಸರು. ಸಮಿತಿಯಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು. ಎಷ್ಟು ಬಗೆ?

ಮಕ್ಕಳು ಹೀಗೆ ಯೋಚಿಸುತ್ತಾರೆ. ಮೊದಲು ಒಬ್ಬ ಹೆಂಗಸನ್ನು ಆರಿಸೋಣ, ನಿಯಮ ಪಾಲಿಸಿದ ಹಾಗಾಯಿತು. ಅದಕ್ಕೆ 4 ಬಗೆ. ಉಳಿದ ಎಂಟು ಜನರಲ್ಲಿ ಯಾರಾದರೂ ಇಬ್ಬರು, 28 ಬಗೆ. 4 ಸಲ 28, 112. ಕೇಳಲು ಎಷ್ಟು ಸರಿಯಾಗಿದೆ! ಒಂದೂ ತಪ್ಪು ಮಾತು ಕಾಣುವುದಿಲ್ಲ.

ಈಗ ನಿಯಮವನ್ನೇ ಬಿಟ್ಟುಬಿಡಿ. ಒಂಬತ್ತರಲ್ಲಿ ಯಾರಾದರೂ ಮೂವರು ಅಂದರೆ ಎಷ್ಟು? 9, 8, 7ನ್ನು ಗುಣಿಸಿ 6ರಿಂದ ಭಾಗಿಸಿ. 84. ನಿಯಮ ಇಲ್ಲದೆ 84, ನಿಯಮ ಹಾಕಿದ ಮೇಲೆ 112! ಹೇಗೆ ಸಾಧ್ಯ?

ಒಂದು ಸಮಿತಿಯನ್ನು ಹತ್ತಿರದಿಂದ ನೋಡೋಣ. ಲಕ್ಷ್ಮಿ, ಸರೋಜ, ರಾಮಣ್ಣ. ನಮ್ಮ ವಿಧಾನದಲ್ಲಿ ಲಕ್ಷ್ಮಿಯನ್ನು "ಮೊದಲ ಹೆಂಗಸು" ಅಂತ ಆರಿಸಿ, ಆಮೇಲೆ ಸರೋಜ, ರಾಮಣ್ಣ ಅಂದಾಗ ಈ ಸಮಿತಿ ಒಂದು ಸಲ ಬಂತು. ಸರೋಜಳನ್ನು ಮೊದಲು ಆರಿಸಿ ಲಕ್ಷ್ಮಿ, ರಾಮಣ್ಣ ಅಂದಾಗ ಅದೇ ಸಮಿತಿ ಇನ್ನೊಂದು ಸಲ ಬಂತು. ಸಮಿತಿಯಲ್ಲಿ ಮೂವರೂ ಹೆಂಗಸರಾದರೆ ಮೂರು ಸಲ ಬರುತ್ತದೆ. ಒಬ್ಬರೇ ಇದ್ದರೆ ಒಂದೇ ಸಲ. ಎಲ್ಲ ಸಮಿತಿಯೂ ಎರಡೆರಡು ಸಲ ಬಂದಿದ್ದರೆ ಎರಡರಿಂದ ಭಾಗಿಸಿ ಸರಿ ಮಾಡಬಹುದಿತ್ತು. ಇಲ್ಲಿ ಒಂದು ಸಮಿತಿ ಒಂದು ಸಲ, ಇನ್ನೊಂದು ಎರಡು ಸಲ, ಮತ್ತೊಂದು ಮೂರು ಸಲ ಎಣಿಕೆಯಾಗಿದೆ. ಭಾಗಾಕಾರವೂ ಕೈಗೆ ಬರುವುದಿಲ್ಲ.

ಸರಿದಾರಿ ಚಿಕ್ಕದು. ಬೇಡದ್ದನ್ನು ಎಣಿಸಿ. ಹೆಂಗಸರೇ ಇಲ್ಲದ ಸಮಿತಿ ಎಷ್ಟು? ಐವರು ಗಂಡಸರಲ್ಲಿ ಮೂವರು, 10. 84ರಲ್ಲಿ 10 ಕಳೆದರೆ 74. ತಾಳೆ ನೋಡಬೇಕಾ? ಒಬ್ಬ ಹೆಂಗಸು ಇರುವವು 40, ಇಬ್ಬರು ಇರುವವು 30, ಮೂವರು ಇರುವವು 4. ಕೂಡಿಸಿ, 74. ಈಗ 40ನ್ನು ಒಂದು ಸಲ, 30ನ್ನು ಎರಡು ಸಲ, 4ನ್ನು ಮೂರು ಸಲ ಎಣಿಸಿ ನೋಡಿ. 40, 60, 12. ಸರಿಯಾಗಿ 112. ತಪ್ಪು ಉತ್ತರ ಎಲ್ಲಿಂದ ಬಂತು ಅಂತ ಇಷ್ಟು ಸ್ಪಷ್ಟವಾಗಿ ಕಂಡುಬಿಟ್ಟರೆ ಮತ್ತೆ ಆ ತಪ್ಪು ಆಗುವುದಿಲ್ಲ. ಅದಕ್ಕೇ ಕ್ಲಾಸಿನಲ್ಲಿ ತಪ್ಪು ಉತ್ತರ ಬಂದರೆ ನಾನು ಅಳಿಸುವುದಿಲ್ಲ, ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇನೆ. ಪಾಠ ಮುಗಿಯುವ ಮುಂಚೆ ಅದಕ್ಕೊಂದು ಕಾರಣ ಹುಡುಕಬೇಕು.

ಸುಮ್ನೆ ಸೂತ್ರ ಹಾಕುವ ಬದಲು ಸಂಖ್ಯೆಗಳನ್ನು ಸಣ್ಣದು ಮಾಡಿಕೊಳ್ಳಿ. ಒಂಬತ್ತು ಜನರ ಬದಲು ನಾಲ್ಕು ಜನ ಅಂದುಕೊಂಡು ಹೆಸರು ಬರೆದು ಎಣಿಸಿ. ಹೋಂವರ್ಕಿಗೆ ಕೂರುವ ಅಪ್ಪ-ಅಮ್ಮಂದಿರಿಗೂ ನಾನು ಹೇಳುವುದು ಇದೇ. ನಿಮಗೆ ಸೂತ್ರ ಮರೆತಿದ್ದರೂ ಪರವಾಗಿಲ್ಲ, ಮಗುವಿನ ಪಕ್ಕ ಕೂತು ಪಟ್ಟಿ ಬರೆಯಿರಿ.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

(ಒಂದೆರಡು ಪ್ರಶ್ನೆಗಳಾದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದರು. ದೇವಸ್ಥಾನದ ಮುಂದೆ ಹೂ ಕಟ್ಟಿ ಮಾರುತ್ತೇನೆ ಅಂದರು. ಆ ಮಾತುಕತೆಯನ್ನು ಹಾಗೇ ಕೊಡುತ್ತೇನೆ.)

"ಮೇಷ್ಟ್ರೇ, ನೀವು ಸಾಲಲ್ಲಿ ನಿಲ್ಲಿಸಿ ಎಣಿಸಿದ್ರಿ. ಹಾರ ಕಟ್ಟಿ ಎರಡು ತುದಿ ಸೇರಿಸಿ ಗಂಟು ಹಾಕಿದ್ಮೇಲೆ ಮೊದಲು ಯಾವುದು, ಕೊನೆ ಯಾವುದು ಅಂತಾನೇ ಇರಲ್ವಲ್ಲ. ಆಗ ಹೆಂಗೆ?"

ಬಹಳ ಒಳ್ಳೆಯ ಪ್ರಶ್ನೆ ಅಮ್ಮಾ. ಐದು ಬಣ್ಣದ ಐದು ಸೇವಂತಿಗೆ ಅಂದುಕೊಳ್ಳೋಣ. ಸಾಲಾಗಿ ಜೋಡಿಸಿದರೆ 120 ಬಗೆ. ಗಂಟು ಹಾಕಿದ ಮೇಲೆ ಹಾರವನ್ನು ಒಂದೊಂದು ಹೂವಿನಷ್ಟು ಸರಿಸುತ್ತಾ ಹೋದರೆ ಐದು ಸಾಲುಗಳು ಒಂದೇ ಹಾರ ಆಗುತ್ತವೆ. ಐದರಿಂದ ಭಾಗಿಸಬೇಕು, 24. ಇನ್ನೂ ಒಂದು ಇದೆ. ಹಾರವನ್ನು ಮಗುಚಿ ಹಾಕಿದರೆ ಎಡಗಡೆಯದು ಬಲಗಡೆಗೆ ಬರುತ್ತದೆ, ಹಾರ ಅದೇ. ಆದ್ದರಿಂದ ಮತ್ತೆ ಎರಡರಿಂದ ಭಾಗಿಸಿ 12.

ಅವರು ಕೂರಲಿಲ್ಲ. ಸ್ವಲ್ಪ ಹೊತ್ತು ಯೋಚನೆ ಮಾಡಿ ಅಂದರು: "ಮಣಿಸರ ಆದ್ರೆ ಮಗುಚಬಹುದು ಮೇಷ್ಟ್ರೇ. ಕಟ್ಟಿದ ಹೂವಿಗೆ ಮುಖ ಇರುತ್ತೆ, ಬೆನ್ನಿರುತ್ತೆ. ಮಗುಚಿದ್ರೆ ತೊಟ್ಟು, ದಾರ ಎಲ್ಲ ಕಾಣುತ್ತೆ. ದೇವರಿಗೆ ಹಂಗೆ ಹಾಕಲ್ಲ."

ಅವರು ಹೇಳಿದ್ದೇ ಸರಿ. ಮಣಿಸರಕ್ಕೆ 12. ಹೂವಿನ ಹಾರಕ್ಕೆ 24. ಬೋರ್ಡಿನ ಮೇಲೆ ನಾನು ಬರೆದಿದ್ದ 12ರ ಪಕ್ಕ ಒಬ್ಬ ಹುಡುಗ ಬಂದು 24 ಅಂತ ಬರೆದ.